ಮರ ನೆಡುವ ಮೊದಲು ಭೂಮಿಯ ಓರೆ ತಿಳ್ಕೊಳ್ಳಿ

ಸೂರ್ಯ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ನಮಗೆ ಚಳಿ ಇರುವಾಗಲೇ!

ಋತು ಬದಲಾಗೋದು ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರೋದರಿಂದ. ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆ ವಾಲಿರುತ್ತೆ. ಡಿಸೆಂಬರ್‌ನಲ್ಲಿ ಆಚೆ ವಾಲುತ್ತೆ; ಬಿಸಿಲು ಓರೆಯಾಗಿ ಬೀಳುತ್ತೆ, ಬೆಂಗಳೂರಿನಲ್ಲಿ ಹಗಲು ಜೂನ್‌ಗಿಂತ ಸುಮಾರು ಒಂದೂವರೆ ಗಂಟೆ ಚಿಕ್ಕದಾಗುತ್ತೆ.

ಬೆಂಗಳೂರು ಸುತ್ತಮುತ್ತ 10 ಮೀಟರ್ ಎತ್ತರದ ಮರದ ನಡುಮಧ್ಯಾಹ್ನದ ನೆರಳು ಹೀಗಿರುತ್ತೆ:

• ಏಪ್ರಿಲ್ ಕೊನೆ, ಆಗಸ್ಟ್ ನಡುವೆ: ಸೂರ್ಯ ನೆತ್ತಿಯ ಮೇಲೆ, ನೆರಳು ಬುಡದಲ್ಲೇ
• ಜೂನ್ 21: ದಕ್ಷಿಣಕ್ಕೆ 2 ಮೀಟರ್‌ಗೂ ಕಡಿಮೆ
• ಡಿಸೆಂಬರ್ 21: ಉತ್ತರಕ್ಕೆ 7 ಮೀಟರ್‌ಗೂ ಹೆಚ್ಚು

ಹಾಗಾಗಿ ದಕ್ಷಿಣದ ಬದುವಿನಲ್ಲಿ ಸಿಲ್ವರ್ ಓಕ್, ಹೆಬ್ಬೇವು ಸಾಲು ಹಾಕಿದ್ರೆ, ಬಿಸಿಲು ಬೇಕಾದ ಚಳಿಗಾಲದಲ್ಲೇ ಟೊಮೆಟೊ, ಮೆಣಸಿನಕಾಯಿ ನೆರಳಲ್ಲಿ ನಿಲ್ಲುತ್ತೆ. ಉತ್ತರದ ಬದು ಒಳ್ಳೇದು. ಆದರೆ ಅದರಾಚೆ ಪಕ್ಕದವರ ಹೊಲ ಇದ್ರೆ ನೆರಳು ಅವರ ಬೆಳೆ ಮೇಲೆ ಬೀಳುತ್ತೆ. ಮೊದಲೇ ಮಾತಾಡಿಕೊಳ್ಳಿ, ಇಲ್ಲಾ ಅಷ್ಟು ಜಾಗ ಬಿಟ್ಟು ನೆಡಿ.

ಡಿಸೆಂಬರ್ 21ರಂದು ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ನೆರಳು ಅಳೆದು ಫೋಟೋ ತೆಗೆದಿಟ್ಕೊಳ್ಳಿ. ಗಿಡ ಎಲ್ಲಿ ನೆಡಬೇಕು ಅನ್ನೋದಕ್ಕೆ ಆ ಅಳತೆ ಸಾಕು.