ಪಾಳುಬಿದ್ದ ಸ್ಪೋರ್ಟ್ಸ್ ಕಾರನ್ನು ಪರೀಕ್ಷಿಸುವ ಕ್ರಮ

ಫ್ರಾನ್ಸಿನ ಪಶ್ಚಿಮ ಭಾಗದ ಒಂದು ಜಮೀನಿನಲ್ಲಿ, ಅರೆಕುಸಿದ ಮಾಡುಗಳ ಕೆಳಗೆ ಮಳೆಗೂ ಬಳ್ಳಿಗಳಿಗೂ ಮೈಯೊಡ್ಡಿಕೊಂಡು ದಶಕಗಳ ಕಾಲ ಬಿದ್ದಿದ್ದ ಸುಮಾರು ಅರುವತ್ತು ಮೋಟಾರು ಕಾರುಗಳನ್ನು 2015ನೆಯ ಇಸವಿ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಹರಾಜಿಗಿಟ್ಟಾಗ, ಅವುಗಳಲ್ಲೊಂದಾದ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೋಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಆ ಕಾರುಗಳನ್ನೆಲ್ಲ ಕೂಡಿಹಾಕಿದವನು ರೊಜೇ ಬಯ್ಯೋಂ ಎಂಬ ಸರಕುಸಾಗಣೆಯ ಉದ್ಯಮಿ. 1970ರ ದಶಕದಲ್ಲಿ ಉದ್ಯಮ ಕುಸಿದು, ಸಂಗ್ರಹಾಲಯವೊಂದನ್ನು ಕಟ್ಟಬೇಕೆಂಬ ಅವನ ಸಂಕಲ್ಪ ಅಲ್ಲಿಗೇ ಮುರಿದುಬಿದ್ದು, ಕಾರುಗಳು ನಿಂತಲ್ಲಿಯೇ ನಿಂತವು. ಚಿತ್ರನಟ ಅಲೇನ್ ದೆಲೋಂನ ಕೈಯಲ್ಲಿ ಒಂದು ಕಾಲಕ್ಕೆ ಇದ್ದ ಆ ಫೆರಾರಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿದ್ದರು.

ಇದಕ್ಕಿಂತಲೂ ವಿಚಿತ್ರವಾದುದು 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆಯಿತು. ಬೆಂಕಿಗೆ ಸಿಕ್ಕಿ ಬೆಂದು, ಕಾರೆಂದು ಹೇಳಲು ಆಕಾರವೇ ಉಳಿಯದಂತೆ ಮುದುಡಿಹೋಗಿದ್ದ ಫೆರಾರಿ 500 ಮೊಂಡಿಯಾಲ್ ಒಂದು 18.75 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರಿಗೆ ಬುದ್ಧಿಭ್ರಮಣೆಯಾಗಿರಲಿಲ್ಲ. ಅದು ತಗಡಿಗೆ ತೆತ್ತ ಹಣವಲ್ಲ. ಇಂಥ ಕಾರ್ಖಾನೆಯಲ್ಲಿ ಇಂಥ ಸಂಖ್ಯೆಯನ್ನು ಹೊತ್ತು ಹೊರಬಂದ ಕಾರು ಇದೇ, ಮತ್ತೊಂದಲ್ಲ, ಎಂಬ ನಿಶ್ಚಯಕ್ಕೆ ತೆತ್ತ ಹಣ. ಗುಜರಿ ಅಂಗಳದಲ್ಲಿ ಹಳೆಯ ಕಾರೊಂದರ ಮುಂದೆ ನಿಂತವನು ಈ ತಾರತಮ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪರೀಕ್ಷೆಯ ಕ್ರಮ ತಾನಾಗಿಯೇ ವಿಶದವಾಗುತ್ತದೆ: ಗುರುತು ಮೊದಲು, ಲೋಹ ಆಮೇಲೆ, ಎಂಜಿನ್ನು ಕೊನೆಗೆ. ಬಹುಮಂದಿ ಇದನ್ನು ತಲೆಕೆಳಗು ಮಾಡಿ, ಬಾನೆಟ್ ಎತ್ತಿದೊಡನೆ ಬ್ಯಾಟರಿಯ ತಂತಿಗಾಗಿ ಹುಡುಕಾಡುತ್ತಾರೆ.

ಫೆರಾರಿಯ ಮಾತು ಕುಬೇರರಿಗೆ ಮೀಸಲು. ಪಾಶ್ಚಾತ್ಯ ದೇಶಗಳ ಕೊಟ್ಟಿಗೆಗಳಲ್ಲಿ, ಗುಜರಿಗಳಲ್ಲಿ ಈಗಲೂ ಕಣ್ಣಿಗೆ ಬೀಳುವ ಸಂಭವವುಳ್ಳದ್ದು ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. 1961ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, 1970ರ ದಶಕದ ನಡುವಿನವರೆಗೆ 70 ಸಾವಿರಕ್ಕೂ ಮೇಲ್ಪಟ್ಟ ಸಂಖ್ಯೆಯಲ್ಲಿ ತಯಾರಾದ ಈ ಕಾರನ್ನೇ ನಿದರ್ಶನವಾಗಿಟ್ಟುಕೊಂಡು, ಹೊರನಾಡಿನಲ್ಲಿ ನೆಲೆಸಿ ಇಂಥ ಮೋಹಕ್ಕೆ ಸಿಲುಕಿದ ಕನ್ನಡಿಗರಿಗೂ ಇಲ್ಲಿಯೇ ಕುಳಿತು ಕುತೂಹಲಪಡುವವರಿಗೂ ಉಪಯುಕ್ತವಾಗುವಂತೆ ಮುಂದಿನ ಮಾತುಗಳನ್ನು ಬರೆದಿದೆ.

ಹೊರಡುವ ಮುನ್ನ

ಮೊದಲನೆಯ ಹೆಜ್ಜೆಯನ್ನು ಮನೆಯಲ್ಲಿ ಕುಳಿತೇ ಇಡತಕ್ಕದ್ದು. ಮಾರುವವನಿಂದ ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ನೋಂದಣಿ ಪತ್ರದ ಪ್ರತಿ ಇವನ್ನು ತರಿಸಿಕೊಳ್ಳಬೇಕು. ಕೊಡಲು ಹಿಂದೆಮುಂದೆ ನೋಡಿದನಾದರೆ ಪ್ರಯಾಣದ ಖರ್ಚು ಉಳಿಯಿತೆಂದು ತಿಳಿಯುವುದು ಲೇಸು. ಜಾಗ್ವಾರ್ ಕಂಪನಿಯ ಹಳೆಯ ದಾಖಲೆಗಳನ್ನು ಕಾಯ್ದಿಟ್ಟಿರುವ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್, ಚಾಸಿ, ಎಂಜಿನ್, ಮೈಕಟ್ಟು, ಗೇರ್‌ಪೆಟ್ಟಿಗೆ ಇವುಗಳ ಮೂಲ ಸಂಖ್ಯೆಗಳನ್ನೂ ಮೊದಲ ಬಣ್ಣವನ್ನೂ ಕಾರು ಕಾರ್ಖಾನೆಯಿಂದ ಹೊರಟ ದಿನಾಂಕವನ್ನೂ ನಮೂದಿಸಿದ ಪ್ರಮಾಣಪತ್ರವನ್ನು ಶುಲ್ಕ ಪಡೆದು ಒದಗಿಸುತ್ತದೆ. ಅದನ್ನು ಕೈಯಲ್ಲಿ ಹಿಡಿದು ಹೋದವನಿಗೂ ಬರಿಗೈಯಲ್ಲಿ ಹೋದವನಿಗೂ ಅಜಗಜಾಂತರ.

ಒಡೆತನದ ವಿಷಯವೂ ಇಲ್ಲಿಯೇ ಇತ್ಯರ್ಥವಾಗಬೇಕು. ಕಾರು ಗುಜರಿಯವನ ಅಂಗಳದಲ್ಲಿ ಇಪ್ಪತ್ತು ವರ್ಷ ಬಿದ್ದಿದ್ದ ಮಾತ್ರಕ್ಕೆ ಅವನದಾಗುವುದಿಲ್ಲ. ಇಂಗ್ಲೆಂಡಿನ ವಿ5ಸಿ ಎಂಬ ಪತ್ರವು ವಾಹನದ ನೋಂದಾಯಿತ ಪಾಲಕ ಯಾರೆಂಬುದನ್ನು ತಿಳಿಸುತ್ತದೆಯೇ ಹೊರತು ಅದೇ ಒಡೆತನಕ್ಕೆ ಸಾಕ್ಷಿಯಾಗಲಾರದು. ಕ್ರಯದ ರಸೀದಿಗಳನ್ನು ಬೇರೆಯಾಗಿ ಕೇಳಬೇಕು.

ಧೂಳನ್ನು ಒರಸಬೇಡಿ

ಕಾರಿನ ಬಳಿಗೆ ಹೋದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಏನನ್ನೂ ಮಾಡದಿರುವುದು. ಧೂಳು ಒರಸುವ, ನೀರು ಹಾಯಿಸಿ ತೊಳೆಯುವ, ಒಳಗಿನ ಕಸವನ್ನು ಗುಡಿಸಿ ಹೊರಗೆಸೆಯುವ ಉತ್ಸಾಹವಿದೆಯಷ್ಟೆ, ಅದು ವರ್ಷಗಟ್ಟಲೆಯ ತುಕ್ಕು ಮಾಡಲಾರದ ಹಾನಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡುತ್ತದೆ. ಬಯ್ಯೋಂ ಸಂಗ್ರಹವನ್ನು ಹರಾಜು ಹಾಕಿದವರು ಆ ಕಾರುಗಳನ್ನು ಧೂಳುಸಹಿತವಾಗಿಯೇ ಪ್ರದರ್ಶಿಸಿದರೆಂಬುದು ಗಮನಾರ್ಹ. ಸುಲಿದ ಬಣ್ಣದ ಅಂಚಿನಲ್ಲಿ ಕೆಳಗಿನ ಪದರ ಯಾವ ಬಣ್ಣದ್ದೆಂದು ಕಾಣುತ್ತದೆ. ಆಸನದ ಕೆಳಗೆ ಸಿಕ್ಕಿಕೊಂಡ ಚೀಟಿಯಲ್ಲಿ ಹಿಂದಿನ ಒಡೆಯನ ಊರು ಸಿಕ್ಕೀತು. ಬೂಟಿನಲ್ಲಿ ಬಿದ್ದಿರುವ, ಎಲ್ಲಿಯದೆಂದು ತೋಚದ ಕಬ್ಬಿಣದ ತುಣುಕು ಮತ್ತೆಲ್ಲಿಯೂ ದೊರೆಯದ ಬಿಡಿಭಾಗವಾಗಿದ್ದೀತು. ಆದುದರಿಂದ ಎಲ್ಲವನ್ನೂ ಇದ್ದಂತೆಯೇ ಛಾಯಾಚಿತ್ರ ತೆಗೆಯಬೇಕು: ತಂತಿಗಳು ಹಾದ ದಾರಿ, ಬೋಲ್ಟುಗಳ ತಲೆ, ಮಾಪಕಗಳ ಮುಖ, ಬಾಗಿಲಿನ ಸಂದು.

ಜೀವದ ಮಾತನ್ನೂ ಮರೆಯಬಾರದು. ಇಲಿಗಳ ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸದೆ, ಮುಖಕವಚ ಧರಿಸಿ, ಕ್ರಿಮಿನಾಶಕ ದ್ರಾವಣದಿಂದ ತೋಯಿಸಿ ತೆಗೆಯತಕ್ಕದ್ದು. ಆ ಕಾಲದ ಬ್ರೇಕುಗಳ ಪಟ್ಟಿಯಲ್ಲಿಯೂ ಕ್ಲಚ್ಚಿನಲ್ಲಿಯೂ ಕಲ್ನಾರು ಇರುತ್ತಿದ್ದುದರಿಂದ ಅಲ್ಲಿನ ಪುಡಿಯನ್ನು ಗಾಳಿ ಹಾಯಿಸಿ ಊದಬಾರದು. ತುಕ್ಕು ತಿಂದ ಕಾರನ್ನು ಜಾಕಿನ ಮೇಲೆ ಎತ್ತಿ ಅದರ ಕೆಳಗೆ ತಲೆಯಿಡುವವನಿಗೆ ಹೇಳಬೇಕಾದ ಬುದ್ಧಿವಾದವೇನೂ ಇಲ್ಲ. ಜಾಕು ಒತ್ತುವ ಜಾಗವೇ ಮೊದಲು ಪುಡಿಯಾಗುವ ಜಾಗ.

ಸಂಖ್ಯೆಗಳ ಸಾಕ್ಷ್ಯ

ಇನ್ನು ಮುಖ್ಯವಾದ ವಿಷಯ. ಇ-ಟೈಪಿನ ಮುಂಭಾಗದಲ್ಲಿ, ಬಲಗಡೆಯ ಡ್ಯಾಂಪರ್ ಕೂರುವ ಸ್ಥಳದ ಮೇಲ್ಗಡೆ, ಅಡ್ಡಪಟ್ಟಿಯ ಮೇಲೆ ಚಾಸಿಯ ಸಂಖ್ಯೆಯನ್ನು ಒತ್ತಿರುತ್ತಾರೆ. ಆರು ಸಿಲಿಂಡರುಗಳ ಇ-ಟೈಪಿನಲ್ಲಿ ಎಂಜಿನ್ನಿನ ಸಂಖ್ಯೆ ಕೆಳಗಿನ ಬೀಡುಕಬ್ಬಿಣದ ಬ್ಲಾಕಿನ ಮೇಲೆಯೂ ಮೇಲಿನ ಅಲ್ಯೂಮಿನಿಯಂ ಹೆಡ್ಡಿನ ಮೇಲೆಯೂ ಬೇರೆ ಬೇರೆಯಾಗಿ ಇರುತ್ತದೆ. ಎರಡೂ ಒಂದೇ ಆಗಿರಬೇಕು. ಗೇರ್‌ಪೆಟ್ಟಿಗೆಗೂ ಮೈಕಟ್ಟಿಗೂ ತಮ್ಮ ತಮ್ಮ ಸಂಖ್ಯೆಗಳಿವೆ. ಇವೆಲ್ಲವನ್ನೂ ಒಟ್ಟಿಗೆ ನಮೂದಿಸಿದ ಫಲಕವೊಂದು ಎಂಜಿನ್ನಿನ ಕೋಣೆಯಲ್ಲಿ ಇರುತ್ತದೆ. ಫಲಕವನ್ನು ಮಾತ್ರ ನೋಡಿ ತೃಪ್ತಿಪಟ್ಟುಕೊಳ್ಳುವವರು ಮೋಸಹೋಗುವುದಕ್ಕೆ ಅರ್ಹರು, ಏಕೆಂದರೆ ಫಲಕಗಳನ್ನು ಹೊಸದಾಗಿ ಮಾಡಿಸುವುದು ಬಹಳ ಸುಲಭ.

ಇಲ್ಲಿ ಇ-ಟೈಪಿಗೇ ವಿಶಿಷ್ಟವಾದ ಒಂದು ತೊಡಕಿದೆ. ಇದರ ನಡುಭಾಗವು ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ತೊಟ್ಟಿಯಂಥ ರಚನೆ. ಎಂಜಿನ್ನನ್ನು ಹೊರುವ ಮುಂದಿನ ಚೌಕಟ್ಟಾದರೋ ಉಕ್ಕಿನ ಕೊಳವೆಗಳಿಂದಾದದ್ದು, ತೊಟ್ಟಿಗೆ ಬೋಲ್ಟುಗಳಿಂದ ಬಿಗಿದದ್ದು. ಚಾಸಿಯ ಸಂಖ್ಯೆ ಇರುವುದು ಬಿಚ್ಚಿ ತೆಗೆಯಬಹುದಾದ ಈ ಮುಂಭಾಗದ ಮೇಲೆಯೇ! ಅಪಘಾತಕ್ಕೊಳಗಾದ ಕಾರೊಂದರ ಮುಂಗಟ್ಟನ್ನು ಕಳಚಿ ಮತ್ತೊಂದರ ತೊಟ್ಟಿಗೆ ಜೋಡಿಸಿದರೆ ಸಂಖ್ಯೆಯೂ ಅದರೊಡನೆ ಹೋಗುತ್ತದೆ. ಆದುದರಿಂದ ಚಾಸಿಯ ಸಂಖ್ಯೆಯೊಂದೇ ತಾಳೆಯಾದರೆ ಸಾಲದು. ಮೈಕಟ್ಟಿನ ಸಂಖ್ಯೆಯೂ ಪ್ರಮಾಣಪತ್ರಕ್ಕೆ ಹೊಂದಬೇಕು. ಅಂಕಿಗಳ ಸುತ್ತಲಿನ ಲೋಹವನ್ನು ಭೂತಗನ್ನಡಿಯಿಂದ ನೋಡಿ. ಅಂಕಿಗಳ ಸಾಲು ಡೊಂಕಾಗಿದ್ದರೆ ಹೆದರಬೇಕಾದದ್ದಿಲ್ಲ, ಕೈಯಿಂದ ಒತ್ತಿದ ಅಂಕಿಗಳು ಹಾಗೆಯೇ ಇರುತ್ತವೆ. ಆದರೆ ಸುತ್ತಲೂ ಅರದಿಂದ ಉಜ್ಜಿದ ಗೀರು, ಬೆಸುಗೆಯ ಉಬ್ಬು, ಅಲ್ಲಿ ಮಾತ್ರ ದಪ್ಪನಾಗಿ ಬಳಿದ ಹೊಸ ಬಣ್ಣ ಇವು ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ವಿವೇಕ. ತುಕ್ಕಿನಿಂದ ಅಂಕಿ ಮಾಸಿದ್ದರೆ ತಂತಿಯ ಕುಂಚದಿಂದ ತಿಕ್ಕಬಾರದು. ತೆಳುವಾದ ಕಾಗದವಿಟ್ಟು ಸೀಸದ ಕಡ್ಡಿಯಿಂದ ಮೃದುವಾಗಿ ಉಜ್ಜಿ ಪ್ರತಿ ತೆಗೆದುಕೊಳ್ಳಬೇಕು.

ಲೋಹ

ಇದರ ನಂತರ ಲೋಹ. ಅಯಸ್ಕಾಂತವೊಂದು, ಮೊನಚು ದಬ್ಬಳವೊಂದು ಸಾಕು. ಅಯಸ್ಕಾಂತ ಹಿಡಿಯದ ಕಡೆ ಉಕ್ಕಿನ ಬದಲು ಪುಟ್ಟಿ ತುಂಬಿದೆಯೆಂದು ಅರ್ಥ. ಇ-ಟೈಪಿನಲ್ಲಿ ಬಾಗಿಲುಗಳ ಕೆಳಗಿನ ಹೊಸ್ತಿಲುಪಟ್ಟಿಯೇ ಕಾರಿನ ಬೆನ್ನೆಲುಬು; ಅದು ಒಳಗಿನಿಂದ ಕೊಳೆಯುವುದರಿಂದ ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಮಾಲೀಕನ ಅನುಮತಿ ಪಡೆದು ಬಾಗಿಲನ್ನು ತೆರೆದು ಮತ್ತೆ ಮುಚ್ಚಿ ನೋಡಿ: ಹಿಂದಿನ ಅಂಚಿನ ಸಂದು ಮೇಲ್ಗಡೆ ಕಿರಿದಾಗಿ ಕೆಳಗಡೆ ಅಗಲವಾಗಿದ್ದರೆ ಮೈಕಟ್ಟು ನಡುವಿನಲ್ಲಿ ಕುಸಿದಿದೆ. ಮುಂಗಟ್ಟಿನ ಕೊಳವೆಗಳನ್ನು ಬೆರಳಿನಿಂದ ತಟ್ಟುತ್ತಾ ಹೋದರೆ ಗಟ್ಟಿಯಾದುದಕ್ಕೂ ಕೊಳೆತುದಕ್ಕೂ ಧ್ವನಿಭೇದ ತಿಳಿಯುತ್ತದೆ. ಕೊಳೆತ ಚೌಕಟ್ಟನ್ನು ಹೊಸದಾಗಿ ತರಿಸಬಹುದು; ಆದರೆ ಮೇಲೆ ಹೇಳಿದ ಸಂಖ್ಯೆಯ ಪ್ರಶ್ನೆ ಆಗ ಮತ್ತೆ ಏಳುತ್ತದೆ.

ಬೇರೆ ಜಾತಿಯ ಕಾರುಗಳ ರೋಗ ಬೇರೆ. ಸೂಪರ್‌ಲೆಜೆರಾ ಪದ್ಧತಿಯಂತೆ ಸಣ್ಣ ಉಕ್ಕಿನ ಕೊಳವೆಗಳ ಹಂದರದ ಮೇಲೆ ಅಲ್ಯೂಮಿನಿಯಂ ಚರ್ಮ ಹೊದಿಸಿದ ಆಸ್ಟನ್ ಮಾರ್ಟಿನ್ ಡಿಬಿ4, ಡಿಬಿ5 ಕಾರುಗಳಲ್ಲಿ, ಎರಡು ಲೋಹಗಳು ತಾಗುವಲ್ಲಿ ತೇವ ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತದೆ. ಲೋಟಸ್ ಎಲಾನಿನ ಫೈಬರ್‌ಗ್ಲಾಸ್ ಮೈಗೆ ತುಕ್ಕಿಲ್ಲವೆಂದು ಹಿಗ್ಗುವವರು ಅದರೊಳಗಿನ ಉಕ್ಕಿನ ಚಾಸಿಯನ್ನು ಮರೆತಿರುತ್ತಾರೆ.

ಎಂಜಿನ್ನನ್ನು ಎಬ್ಬಿಸುವುದು

ಎಂಜಿನ್ನಿನ ವಿಷಯದಲ್ಲಿ ತಾಳ್ಮೆಯೊಂದೇ ಮಂತ್ರ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ರಂಧ್ರಗಳ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರುಗಳ ಗೋಡೆಯನ್ನು ನೋಡಬೇಕು. ಕೆಳಗಿನ ತಿರುಪು ಸಡಿಲಿಸಿದಾಗ ಎಣ್ಣೆಗೆ ಮೊದಲು ನೀರು ಬಂದರೆ, ಅಥವಾ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ, ಒಳಗೆ ನೀರು ಸೇರಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಪ್ರತಿ ಸಿಲಿಂಡರಿಗೂ ನುಸುಳೆಣ್ಣೆಯನ್ನು ಹೊಯ್ದು ಹಲವು ದಿನ ಬಿಡಬೇಕು. ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲು ಬೆರೆಸಿ ಹೊಯ್ಯುವುದು ಹಳೆಯ ಮೆಕ್ಯಾನಿಕ್ಕುಗಳ ವಾಡಿಕೆ, ಬೆಂಕಿಯ ಭಯವನ್ನು ಮಾತ್ರ ಮರೆಯಬಾರದು. ಆಮೇಲೆ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ, ಬಲವನ್ನು ಬಳಸದೆ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಆಡಿಸುತ್ತಾ ಹೋಗಬೇಕು. ಸ್ಟಾರ್ಟರ್ ಒತ್ತಿಯೋ ಗೇರಿನಲ್ಲಿಟ್ಟು ಎಳೆಸಿಯೋ ತಿರುಗಿಸಲು ಹೊರಟರೆ, ಅಂಟಿಕೊಂಡ ಕವಾಟಕ್ಕೆ ಪಿಸ್ಟನ್ ಬಡಿದು, ಉಳಿಯಬಹುದಾಗಿದ್ದ ಎಂಜಿನ್ನು ನಿಜವಾಗಿಯೂ ಗುಜರಿಯಾಗುತ್ತದೆ. ಇಂಧನದ ತೊಟ್ಟಿಯಲ್ಲಿ ಅರಗಿನಂತಾದ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯದೆ ಹೊಸದನ್ನು ಹಾಕಬಾರದು.

ಕಾರನ್ನು ಸ್ಥಳದಿಂದ ಕದಲಿಸುವಾಗಲೂ ಅವಸರ ಸಲ್ಲದು. ಇ-ಟೈಪಿನ ಹಿಂದಿನ ಬ್ರೇಕುಗಳು ಚಕ್ರದ ಬಳಿಯಲ್ಲಿರದೆ ನಡುವಿನ ಡಿಫರೆನ್ಷಿಯಲ್ಲಿನ ಪಕ್ಕದಲ್ಲಿ ಅಡಗಿವೆ. ಅವು ಕಚ್ಚಿಕೊಂಡಿದ್ದರೆ ಚಕ್ರ ಕಳಚಿದರೂ ಕೈಗೆಟುಕವು; ಚಕ್ರಗಳ ಕೆಳಗೆ ಸಣ್ಣ ಗಾಲಿಹಲಗೆಗಳನ್ನಿಟ್ಟು ಸಾಗಿಸುವುದು ಕ್ಷೇಮ. ಹಗ್ಗವನ್ನು ಮುಂಗಟ್ಟಿನ ಕೊಳವೆಗೆ ಕಟ್ಟಿ ಎಳೆಯಲೇಕೂಡದು.

ಹೊಸದು ಮಾಡುವುದೇ, ಇದ್ದಂತೆ ಇಡುವುದೇ?

ಕೊಂಡ ಮೇಲಿನ ಜಿಜ್ಞಾಸೆ ಇದು. ಇಟಲಿ ಸ್ವಿಟ್ಜರ್ಲೆಂಡುಗಳ ನಡುವಿನ ಮಜೋರೆ ಸರೋವರದ ತಳದಲ್ಲಿ ದಶಕಗಟ್ಟಲೆ ಮುಳುಗಿದ್ದ ಬುಗಾಟಿ ಬ್ರೆಸಿಯಾ ಕಾರನ್ನು 2009ರಲ್ಲಿ ಮೇಲಕ್ಕೆತ್ತಿ, ಮರುವರ್ಷ ಪ್ಯಾರಿಸ್ಸಿನಲ್ಲಿ 2,60,500 ಯೂರೋಗಳಿಗೆ ಮಾರಿದರು. ಕೊಂಡವರು ಅದನ್ನು ದುರಸ್ತಿ ಮಾಡಿಸದೆ, ಒಂದು ಪಾರ್ಶ್ವ ಕರಗಿಹೋಗಿದ್ದಂತೆಯೇ ಕ್ಯಾಲಿಫೋರ್ನಿಯಾದ ಸಂಗ್ರಹಾಲಯದಲ್ಲಿಟ್ಟರು. ನನ್ನ ಮತದಲ್ಲಿ ಅದು ಸರಿಯಾದ ನಿರ್ಣಯ: ಅಷ್ಟು ಕೆಟ್ಟ ಕಾರನ್ನು ಹೊಸದು ಮಾಡುವುದೆಂದರೆ ಹಳೆಯದನ್ನು ಬಿಸುಟು ಅದರ ಹೆಸರಿನಲ್ಲಿ ಬೇರೊಂದನ್ನು ಕಟ್ಟುವುದು.

ಆದರೆ ಎಷ್ಟು ಭಾಗ ಬದಲಾದರೆ ಕಾರು ಬೇರೆಯಾಗುತ್ತದೆ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆಯೇ ಬಂದಿತು. 1929ರಲ್ಲಿಯೂ 1930ರಲ್ಲಿಯೂ ಲ ಮಾನ್ಸ್ ಪಂದ್ಯ ಗೆದ್ದಿದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು, ಮೂಲಭಾಗಗಳು ಬಹಳ ಸ್ವಲ್ಪವೇ ಉಳಿದಿವೆಯೆಂದು ತಕರಾರು ತೆಗೆದಾಗ, ನ್ಯಾಯಾಧೀಶ ಆಟನ್ ಅವರು ಭಾಗಗಳು ಒಂದೊಂದಾಗಿ ಬದಲಾದರೂ ಕಾರಿನ ಇತಿಹಾಸ ಎಲ್ಲಿಯೂ ತುಂಡಾಗಿಲ್ಲವೆಂದು ಕಂಡು, ಆ ಹೆಸರಿಗೆ ಅದೇ ಅರ್ಹವೆಂದು ತೀರ್ಪಿತ್ತರು. ಆದಕಾರಣ ದುರಸ್ತಿಯ ಪ್ರತಿ ಹಂತದ ಛಾಯಾಚಿತ್ರವನ್ನೂ ರಸೀದಿಯನ್ನೂ ಇಟ್ಟುಕೊಳ್ಳಿ, ತೆಗೆದುಹಾಕಿದ ಹಳೆಯ ಭಾಗವನ್ನೂ ಎಸೆಯಬೇಡಿ.

ನಮ್ಮ ದೇಶದಲ್ಲಿಯೂ ಕಾನೂನು ಇದೇ ದಿಕ್ಕಿನಲ್ಲಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 2021ರ ಕೇಂದ್ರ ನಿಯಮಗಳು ವಿಂಟೇಜ್ ಸ್ಥಾನವನ್ನೂ ‘ವಿಎ’ ಅಕ್ಷರಗಳುಳ್ಳ ನೋಂದಣಿ ಸಂಖ್ಯೆಯನ್ನೂ ಕೊಡುತ್ತವೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20 ಸಾವಿರ ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5 ಸಾವಿರ. ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಹಿತ್ತಿಲಿನಲ್ಲಿ ತಾತನ ಕಾಲದ ಕಾರೊಂದು ಬಿದ್ದಿರುವ ಮನೆಯವರಲ್ಲಿ ನನ್ನ ಬಿನ್ನಹವಿಷ್ಟೆ: ಸ್ಪೋರ್ಟ್ಸ್ ಕಾರಾಗಲಿ, ಮಾಮೂಲಿ ಕಾರಾಗಲಿ, ಗುಜರಿಯವನು ತೂಕದ ಲೆಕ್ಕ ಹೇಳುವ ಮುನ್ನ ಅದರ ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆದು, ಚಾಸಿಯ ಸಂಖ್ಯೆಯೊಡನೆ ತಾಳೆ ನೋಡಿ.