ಹಂದಿಯ ಇನ್ಸುಲಿನ್ ಮನುಷ್ಯನಿಗೆ ಒಗ್ಗಿದ್ದು ಹೇಗೆ?

ಮಲಪನಗುಡಿಯ ಬಾಳೆ ತೋಟದ ಹಿರಿಯರೊಬ್ಬರಿಗೆ ಕಾಲಿನ ಹುಣ್ಣು ಮೂರು ವಾರವಾದರೂ ಮಾದಿರಲಿಲ್ಲ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿರಲಿಲ್ಲ. ಇನ್ಸುಲಿನ್ ಶುರು ಮಾಡೋಣ ಎಂದೊಡನೆ ಅವರು ಎದ್ದೇ ನಿಂತರು. ‘ಸೂಜಿ ಬ್ಯಾಡ್ರಿ ಡಾಕ್ಟ್ರೆ. ಅದು ಹಂದೀದಂತ. ಹೊರಗಿಂದು ನಮ್ಮ ಮೈಗೆ ಹೆಂಗ ಒಗ್ತೈತ್ರಿ?’

ಮೊದಲನೆಯ ಅಂಜಿಕೆಗೆ ಉತ್ತರ ಸುಲಭ. ಈಗ ಅಂಗಡಿಯಲ್ಲಿ ಸಿಗುವ ಇನ್ಸುಲಿನ್ ಹಂದಿಯದಲ್ಲ. ಮನುಷ್ಯನ ಇನ್ಸುಲಿನ್ ಜೀನನ್ನು ಸೂಕ್ಷ್ಮಜೀವಿಗಳೊಳಗೆ ಸೇರಿಸಿ ಅದನ್ನು ತಯಾರಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್ ಮೂಲಕ ತಯಾರಿಸಿ ಮಾರತೊಡಗಿತು.

ಅವರ ಎರಡನೆಯ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದ್ದು ದನದ ಮೇದೋಜೀರಕ ಗ್ರಂಥಿಯ ಸಾರ. ಆಮೇಲೆ ಎಷ್ಟೋ ದಶಕ ಲಕ್ಷಾಂತರ ಜನ ದನ, ಹಂದಿಗಳ ಇನ್ಸುಲಿನ್‌ನಿಂದಲೇ ಬದುಕಿದರು. ಇನ್ಸುಲಿನ್ ಎಂಬ ಪ್ರೋಟೀನಿನಲ್ಲಿ 51 ಅಮೈನೋ ಆಮ್ಲಗಳ ಮಣಿಗಳಿವೆ. ಹಂದಿಯದಕ್ಕೂ ನಮ್ಮದಕ್ಕೂ ವ್ಯತ್ಯಾಸ ಒಂದೇ ಮಣಿ, ದನದ್ದಕ್ಕೆ ಮೂರು.

ಇನ್ಸುಲಿನ್ ಒಂದು ಕೀಲಿಕೈ ಎಂದುಕೊಳ್ಳಿ. ಜೀವಕೋಶದ ಮೈಮೇಲೆ ಗ್ರಾಹಕ ಎಂಬ ಬೀಗವಿದೆ. ಅದೂ ಪ್ರೋಟೀನೇ. ಕೈ ಹೊಕ್ಕೊಡನೆ ಬೀಗದ ಒಳತುದಿ ಪಕ್ಕದ ಪ್ರೋಟೀನಿಗೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸುತ್ತದೆ. ಕೊನೆಗೆ ಸ್ನಾಯುವಿನ ಕೋಶ ಬಾಗಿಲು ತೆರೆದು ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಈ ಬೀಗ ಎಷ್ಟು ಹಳೆಯದು ಗೊತ್ತೆ? ತಿಳಿನೀರಿನ ಕೊಳಗಳಲ್ಲಿ ಎಲೆಗೆ ಅಂಟಿಕೊಂಡು ಬದುಕುವ ಹೈಡ್ರಾ ಎಂಬ ಜೀವಿಯಿದೆ. ನಿಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಅದರ ಚಿತ್ರ ನೋಡಿರುತ್ತೀರಿ: ದಾರದೆಳೆಯಂಥ ಮೈ, ತುದಿಯಲ್ಲಿ ಕೈಗಳು. ಅದಕ್ಕೆ ರಕ್ತವಿಲ್ಲ, ಮೇದೋಜೀರಕವಿಲ್ಲ. ಆದರೂ ಇನ್ಸುಲಿನ್ ಗ್ರಾಹಕವನ್ನು ಹೋಲುವ ಪ್ರೋಟೀನಿನ ಜೀನ್ ಅದರಲ್ಲಿದೆ ಎಂದು 1996ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಸಸ್ತನಿಗಳ ಇನ್ಸುಲಿನ್ ಕೊಟ್ಟಾಗ ಹೈಡ್ರಾದ ಕೋಶಗಳು ಹೆಚ್ಚು ವಿಭಜನೆಗೊಂಡವು! ನಮ್ಮ ವಂಶವೂ ಹೈಡ್ರಾದ ವಂಶವೂ ಕವಲೊಡೆದು 50 ಕೋಟಿ ವರ್ಷಗಳೇ ಮೀರಿವೆ. ಸಕ್ಕರೆ ಸಾಗಿಸುವ ಕೆಲಸ ಆಮೇಲೆ ಬಂದಿರಬೇಕು. ‘ಆಹಾರವಿದೆ, ಬೆಳೆಯಿರಿ’ ಎಂದು ಕೋಶಗಳಿಗೆ ಹೇಳುವುದೇ ಮೂಲ ಕೆಲಸ ಇದ್ದೀತು.

ಇನ್ನೂ ಹಿಂದಕ್ಕೆ ಹೋಗಬಹುದು. ಪ್ರಾಣಿಗಳ ಹತ್ತಿರದ ನೆಂಟರಾದ ಕೊಯನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳಲ್ಲಿ ಇದೇ ಕುಟುಂಬದ ಗ್ರಾಹಕವೊಂದನ್ನು ನಿಕೋಲ್ ಕಿಂಗ್ ಮತ್ತು ಶಾನ್ ಕ್ಯಾರಲ್ 2001ರಲ್ಲಿ ವರದಿ ಮಾಡಿದರು. ಮಾತಾಡಲು ಪಕ್ಕದ ಕೋಶವೇ ಇಲ್ಲದವಕ್ಕೆ ಅದೇಕೆ? ಬಹುಶಃ ಹೊರಗಿನ ನೀರಿನ ಸುದ್ದಿ ತಿಳಿಯಲು. ಕೋಶಗಳು ಕೂಡಿ ಬಾಳತೊಡಗಿದಾಗ ಪ್ರಕೃತಿ ಹೊಸ ಸಲಕರಣೆ ಹುಡುಕದೆ ಹಳೆಯದನ್ನೇ ಬಳಸಿಕೊಂಡಿತು.

ಆದ್ದರಿಂದ ಇನ್ಸುಲಿನ್ ಹೊರಗಿನದಲ್ಲ, ಚಟ ಹಿಡಿಸುವ ಮದ್ದೂ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮಧುಮೇಹದಲ್ಲಿ ಕೀಲಿಕೈಯೇ ತಯಾರಾಗುವುದಿಲ್ಲ; ಅವರು ಒಂದು ದಿನವೂ ಅದನ್ನು ಬಿಡಬಾರದು. ದೊಡ್ಡವರ ಕಾಯಿಲೆಯಲ್ಲಿ ಸುದ್ದಿ ದಾಟಿಸುವ ಸರಪಳಿ ಮೊದಲು ಮಂದವಾಗುತ್ತದೆ, ಬರಬರುತ್ತಾ ಕೀಲಿಕೈಯೂ ಕಡಿಮೆಯಾಗುತ್ತದೆ. ಅಂಥವರು ನಡೆದರೆ ಲಾಭವೇಕೆಂದರೆ, ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಬೇರೆ ದಾರಿಯಿಂದಲೂ ಸಕ್ಕರೆ ಎಳೆದುಕೊಳ್ಳುತ್ತದೆ. ಹುಣ್ಣಿದ್ದ ಕಾಲಲ್ಲಿ ಮಾತ್ರ ನಡೆಯಬೇಡಿ.

ಸೂಜಿ ಚುಚ್ಚಿಕೊಂಡು ಊಟ ತಪ್ಪಿಸಬೇಡಿ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ತಿನ್ನಿ.

ನಮ್ಮ ಹಿರಿಯರು ಒಪ್ಪಿದರು. ಬಾಗಿಲ ತನಕ ಹೋಗಿ ಹೊರಳಿ, ‘ಮನ್ಯಾಗ ಫ್ರಿಜ್ ಇಲ್ಲಲ್ರಿ?’ ಎಂದರು. ಪ್ರೋಟೀನು ಹೊಸಪೇಟೆಯ ಬೇಸಿಗೆಗೆ ಕೆಡುತ್ತದೆ, ನಿಜ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮಣ್ಣಿನ ಕುಡಿಕೆಯೊಳಗಿಡಿ. ಆ ಕುಡಿಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯಲ್ಲಿ ಕೂರಿಸಿ, ನೆರಳಲ್ಲಿಡಿ. ಫ್ರಿಜ್ ಇದ್ದವರು ಮಂಜುಗಡ್ಡೆಯ ಖಾನೆಯಲ್ಲಿಡಬೇಡಿ. ಹೆಪ್ಪುಗಟ್ಟಿದ ಸೀಸೆಯನ್ನು ಎಸೆಯಬೇಕಾಗುತ್ತದೆ.