ಪಹಣಿಯ ಹಿಂದಿರುವ ಹಕ್ಕು: ತೆರಕಣಾಂಬಿ ಹೋಬಳಿಯಲ್ಲಿ ಜಮೀನಿನ ಕ್ರಯ ಮತ್ತು ಕಾನೂನು

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಹೋಬಳಿಯಲ್ಲಿ ಕೈ ಬದಲಾಗುವ ಆಸ್ತಿಯ ಬಹುಪಾಲು ಅರಿಸಿನ, ಈರುಳ್ಳಿ, ಬಾಳೆ, ಚೆಂಡುಹೂ ಬೆಳೆಯುವ ಸಾಗುವಳಿ ಜಮೀನೇ ಆಗಿದ್ದು, ತಾಲ್ಲೂಕು ಕೇರಳ ಮತ್ತು ತಮಿಳುನಾಡುಗಳೆರಡರ ಗಡಿಗೂ ಹೊಂದಿಕೊಂಡಿರುವುದರಿಂದ ಕೊಳ್ಳುವವರಲ್ಲಿ ಊರಿನವರಷ್ಟೇ ಅಲ್ಲದೆ ಹೊರಗಿನವರೂ ಇರುತ್ತಾರೆ. ಇಲ್ಲಿಯ ವ್ಯವಹಾರಗಳಲ್ಲಿ ಬೇರೂರಿರುವ ಒಂದು ನಂಬಿಕೆಯೆಂದರೆ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಣಿಯಾಗಿ ಪಹಣಿಯಲ್ಲಿ ಹೆಸರು ಬಂದರೆ ಜಮೀನು ಕೊಂಡವರದೇ ಆಯಿತು ಎಂಬುದು. ಕಾನೂನು ಹಾಗೆ ಹೇಳುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು. 1908ರ ನೋಂದಣಿ ಅಧಿನಿಯಮದ 17ನೆಯ ಕಲಮು ಅಂತಹ ಪತ್ರದ ನೋಂದಣಿಯನ್ನು ಕಡ್ಡಾಯಗೊಳಿಸುತ್ತದೆ. ಆದರೆ ನೋಂದಣಾಧಿಕಾರಿಯು ಮುಖ್ಯವಾಗಿ ನೋಡುವುದು ಪತ್ರ ಬರೆದುಕೊಟ್ಟವರು ಅವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೇ, ಶುಲ್ಕ ಸಂದಿದೆಯೇ ಎಂಬುದನ್ನು. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಅವರ ಅಧಿಕಾರದೊಳಗಿಲ್ಲ. ನೆರೆಯ ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಪಡಿಸುತ್ತ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ಕೆ. ಗೋಪಿ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ತನಗಿಲ್ಲದ ಹಕ್ಕನ್ನು ಮಾರುವವನು ಎಷ್ಟೇ ಕ್ರಮಬದ್ಧವಾದ ಕ್ರಯಪತ್ರ ಬರೆದುಕೊಟ್ಟರೂ ಕೊಂಡವರಿಗೆ ಆ ಹಕ್ಕು ಬರುವುದಿಲ್ಲ.

ಪಹಣಿಯ ವಿಷಯವೂ ಇದಕ್ಕೆ ಹತ್ತಿರವಾದದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಕಲಮು ಪಹಣಿಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ, ಸರಿಯೆಂದು ಊಹಿಸುತ್ತದೆ; ಅದು ಊಹೆಯೇ ಹೊರತು ಹಕ್ಕಿನ ಮೂಲವಲ್ಲ. ಆದ್ದರಿಂದ ಪಹಣಿಯನ್ನು ಓದಬೇಕಾದ ರೀತಿಯೇ ಬೇರೆ. ಅದರ 9ನೆಯ ಕಾಲಂ ಸ್ವಾಧೀನದಾರರ ಹೆಸರನ್ನೂ, 10ನೆಯದು ಆ ಹಕ್ಕು ಅವರಿಗೆ ಬಂದ ಬಗೆಯನ್ನೂ, 11ನೆಯದು ಸಾಲ ಮತ್ತಿತರ ಋಣಗಳನ್ನೂ ತಿಳಿಸುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಜಮೀನನ್ನು ಆಧಾರವಾಗಿ ಘೋಷಿಸಿ ಪಡೆದ ಬೆಳೆ ಸಾಲವು ಸಾಮಾನ್ಯವಾಗಿ 11ನೆಯ ಕಾಲಮಿನಲ್ಲಿ ಇರುತ್ತದೆ. ಆ ಸಾಲ ತೀರದೆ ಜಮೀನು ಮಾರುವುದಕ್ಕೆ ಸಹಕಾರ ಸಂಘಗಳ ಕಾನೂನಿನ ಅಡ್ಡಿಯಿದೆ. ನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಜನ ‘ಇ.ಸಿ.’ ಎನ್ನುವ ದಾಖಲೆ, ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುವುದರಿಂದ, ಅದರಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ಬಾಯಿಮಾತಿನ ಪಾಲಾಗಲಿ, ನೋಂದಣಿಯಾಗದ ಕರಾರಾಗಲಿ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯಾಗಲಿ ಇಲ್ಲವೆಂದು ಭಾವಿಸಬಾರದು.

ಹಿಂದಿನ ದಾಖಲೆಗಳನ್ನು ಹುಡುಕುತ್ತ ಹೋಗುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ಜಮೀನು ಎಂದಾದರೂ ಸರ್ಕಾರದಿಂದ ಮಂಜೂರಾದದ್ದೇ ಎಂಬುದು. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿರುವ ಚಾಮರಾಜನಗರ ಜಿಲ್ಲೆಯಲ್ಲಿ ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. 1979ರ ಜನವರಿ 1ರಂದು ಜಾರಿಗೆ ಬಂದ ಕರ್ನಾಟಕ ಪರಿಶಿಷ್ಟ ಜಾತಿಗಳು ಮತ್ತು ಪರಿಶಿಷ್ಟ ಬುಡಕಟ್ಟುಗಳ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಅಧಿನಿಯಮ, 1978, ವಾಡಿಕೆಯಲ್ಲಿ ‘ಪಿ.ಟಿ.ಸಿ.ಎಲ್. ಕಾಯ್ದೆ’, ಈ ಸಮುದಾಯಗಳವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸುವಂತಿಲ್ಲವೆಂದು ಹೇಳುತ್ತದೆ. ವರ್ಗಾವಣೆಯೆಂಬ ಮಾತು ಇಲ್ಲಿ ಕ್ರಯಕ್ಕೆ ಸೀಮಿತವಾಗದೆ ದಾನ, ವಿನಿಮಯ, ಅಡಮಾನ, ಗುತ್ತಿಗೆ, ಮಾರಾಟದ ಕರಾರುಗಳನ್ನೂ ಒಳಗೊಳ್ಳುತ್ತದೆ. ಮಂಜೂರಾತಿಯ ಷರತ್ತನ್ನು ಮೀರಿ ನಡೆದಿದ್ದರೆ ಕಾಯ್ದೆ ಬರುವುದಕ್ಕೆ ಮೊದಲಿನ ಮಾರಾಟವೂ ಅಸಿಂಧುವಾಗುತ್ತದೆ. ಉಪವಿಭಾಗಾಧಿಕಾರಿಯು ಅರ್ಜಿಯ ಮೇಲೆ, ಅಥವಾ ತಾನಾಗಿಯೇ, ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರುದಾರರಿಗೆ ಇಲ್ಲವೇ ಅವರ ವಾರಸುದಾರರಿಗೆ ಮರಳಿಸಬಹುದು. ಆ ಆದೇಶದ ವಿರುದ್ಧ ಮೇಲ್ಮನವಿ ಜಿಲ್ಲಾಧಿಕಾರಿಗೆ ಸಲ್ಲುತ್ತದೆ.

ಈ ಕಾಯ್ದೆಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮುಂದೆ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪಿನಲ್ಲಿ, ಅತಿಯಾದ ವಿಳಂಬದ ನಂತರ ಸಲ್ಲಿಸಿದ ಅರ್ಜಿಯನ್ನು ಪುರಸ್ಕರಿಸಲಾಗದೆಂದು ಅದೇ ನ್ಯಾಯಾಲಯ ಹೇಳಿದ್ದರಿಂದ ಅನೇಕ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ಆ ತೊಡಕನ್ನು ನಿವಾರಿಸಲು ರಾಜ್ಯ ಶಾಸಕಾಂಗವು 2023ರಲ್ಲಿ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿಯಿಲ್ಲವೆಂದು ಸೇರಿಸಿತು. ತಿದ್ದುಪಡಿಯ ನಂತರವೂ ವಿಳಂಬದ ಪ್ರಶ್ನೆ ನ್ಯಾಯಾಲಯಗಳಲ್ಲಿ ಚರ್ಚೆಗೆ ಬರುತ್ತಲೇ ಇದೆ. ಕೊಳ್ಳುವವರ ಕಡೆಯವರು ಈ ಕಾಯ್ದೆಯನ್ನು ಅಡಚಣೆಯೆಂದು ಬಗೆಯುವುದುಂಟು. ಮದುವೆಗೋ ಕಾಯಿಲೆಗೋ ಒದಗಿದ ಹಣದ ಮುಗ್ಗಟ್ಟಿನಲ್ಲಿ ಕಡಿಮೆ ಬೆಲೆಗೆ ಭೂಮಿ ಬಿಟ್ಟುಕೊಟ್ಟ ಮನೆತನಗಳ ಕಡೆಯಿಂದ ನೋಡಿದರೆ, ಇದು ಭೂಹೀನರಾಗಿದ್ದವರಿಗೆ ರಾಜ್ಯ ಕೊಟ್ಟ ಭರವಸೆಯ ಕಾವಲು. ಹಾಗಾಗಿ ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಮತ್ತು ಹಳೆಯ ಕೈಬರಹದ ಪಹಣಿಗಳ ದೃಢೀಕೃತ ಪ್ರತಿಗಳನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಪಡೆಯದೆ ಮುಂಗಡ ಕೊಡಬಾರದು. ಗಣಕೀಕೃತ ‘ಭೂಮಿ’ ಪಹಣಿಯೊಂದನ್ನೇ ನೋಡಿದರೆ ಜಮೀನಿನ ಹಳೆಯ ಚರಿತ್ರೆ ಪೂರ್ತಿಯಾಗಿ ತಿಳಿಯುವುದಿಲ್ಲ.

ಮಂಜೂರಾತಿ ಇತರ ಸಮುದಾಯದವರಿಗೆ ಆಗಿದ್ದರೂ ಆದೇಶದಲ್ಲಿ ನಮೂದಿಸಿದ ವರ್ಷಗಳವರೆಗೆ ಪರಭಾರೆ, ಅಂದರೆ ಇನ್ನೊಬ್ಬರಿಗೆ ಹಸ್ತಾಂತರ, ನಿಷಿದ್ಧವಾಗಿರುವುದು ಸಾಮಾನ್ಯ. ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961ರಡಿ ಗೇಣಿದಾರರಿಗೆ ಅಧಿಭೋಗದ ಹಕ್ಕು ಬಂದ ಜಮೀನನ್ನೂ 61ನೆಯ ಕಲಮು 15 ವರ್ಷ ಮಾರದಂತೆ ತಡೆದಿತ್ತು.

ಎರಡನೆಯ ತೊಡಕು ಮನೆಯೊಳಗಿನದು. ಪಹಣಿಯಲ್ಲಿ ಹಿರಿಯ ಮಗನ ಹೆಸರೊಂದೇ ಇದ್ದರೂ ಜಮೀನು ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲಿರುತ್ತದೆ. ಕರ್ನಾಟಕವು 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಮಗಳನ್ನು ಹುಟ್ಟಿನಿಂದಲೇ ಸಹದಾಯಾದಿಯನ್ನಾಗಿ, ಅಂದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮಾನ ಪಾಲುಗಾರಳನ್ನಾಗಿ ಮಾಡಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಆದ ವಿಭಾಗ ಮತ್ತು ಮಾರಾಟಗಳು ಮಾತ್ರ ಇದರಿಂದ ಬಾಧಿತವಾಗುವುದಿಲ್ಲ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ವಂಶವೃಕ್ಷವನ್ನು ನಂಬಿ ಕೊಳ್ಳುವುದು ಕಾನೂನಿಗೂ ನ್ಯಾಯಕ್ಕೂ ದೂರವಾದದ್ದು. ಅವರು ಕ್ರಯಪತ್ರಕ್ಕೆ ಸಹಿ ಮಾಡುವುದೆಂದರೆ ತಮ್ಮ ಪಾಲನ್ನು ತಾವೇ ಮಾರುವುದಾಗಿರುವುದರಿಂದ, ಅವರ ಭಾಗದ ಹಣವೂ ಅವರಿಗೇ ಸಲ್ಲತಕ್ಕದ್ದು. ಅಪ್ರಾಪ್ತ ವಯಸ್ಕರ ಸ್ವಂತ ಸ್ಥಿರಾಸ್ತಿಯನ್ನು ಮಾರಲು ಪೋಷಕರು ನ್ಯಾಯಾಲಯದ ಅನುಮತಿ ಪಡೆಯಬೇಕು.

ಹೊರಗಿನಿಂದ ಬರುವವರಿಗೆ ಸಂಬಂಧಿಸಿದ ಕಾನೂನು ಇತ್ತೀಚೆಗೆ ಬದಲಾಗಿದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಅಧಿನಿಯಮದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಆದರೆ ಭೂಮಿತಿ, ಅಂದರೆ ಒಂದು ಕುಟುಂಬ ಹೊಂದಬಹುದಾದ ಜಮೀನಿನ ಗರಿಷ್ಠ ಪ್ರಮಾಣ, ಉಳಿದಿದೆ. ಕೊಂಡ ಹೊಲದಲ್ಲಿ ಮನೆ ಅಥವಾ ರೆಸಾರ್ಟ್ ಕಟ್ಟಬೇಕಾದರೆ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಡಿ ಭೂಪರಿವರ್ತನೆ ಆಗಬೇಕು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಸುತ್ತ 2012ರಲ್ಲಿ ಘೋಷಿತವಾದ ಪರಿಸರ ಸೂಕ್ಷ್ಮ ವಲಯದೊಳಗೆ ತಾಲ್ಲೂಕಿನ ಹಲವು ಗ್ರಾಮಗಳು ಸೇರಿರುವುದರಿಂದ, ಅಲ್ಲಿ ಪರಿವರ್ತನೆ ಇನ್ನಷ್ಟು ಬಿಗಿಯಾದ ನಿರ್ಬಂಧಗಳಿಗೆ ಒಳಪಟ್ಟಿದೆ. ಶುಂಠಿ, ಬಾಳೆ ಬೆಳೆಯಲು ಜಮೀನನ್ನು ಗುತ್ತಿಗೆಗೆ ಕೊಡುವ ರೂಢಿ ಈ ಭಾಗದಲ್ಲಿ ವ್ಯಾಪಕವಾಗಿದ್ದರೂ, ಭೂಸುಧಾರಣಾ ಅಧಿನಿಯಮದ 5ನೆಯ ಕಲಮು ಕೆಲವು ವಿನಾಯಿತಿಗಳನ್ನು ಬಿಟ್ಟು ಕೃಷಿ ಜಮೀನಿನ ಗುತ್ತಿಗೆಯನ್ನೇ ನಿಷೇಧಿಸುತ್ತದೆ. ವಿವಾದ ಬಂದಾಗ ಜಮೀನಿನ ಒಡೆಯನಿಗಾಗಲಿ ಬೆಳೆ ಹಾಕಿದವನಿಗಾಗಲಿ ಗಟ್ಟಿಯಾದ ಪತ್ರದ ಬಲವಿಲ್ಲದಂತಾಗುವುದು ಇದರಿಂದಲೇ.

ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವಾಗ ಭೂಮಾಪಕರು ಅಳೆದು ಕೊಡುವ 11ಇ ನಕ್ಷೆ ಬೇಕಾಗುತ್ತದೆ. ನಕ್ಷೆಯನ್ನು ಸ್ಥಳದ ಚಕ್ಕುಬಂದಿಯೊಡನೆ ತಾಳೆನೋಡಿ, ಹೊಲಕ್ಕೆ ಹೋಗುವ ದಾರಿ ದಾಖಲೆಯಲ್ಲಿಯೂ ಇದೆಯೇ, ಖರಾಬು ಭೂಮಿಯನ್ನು ಲೆಕ್ಕಕ್ಕೆ ಸೇರಿಸಿ ಬೆಲೆ ಕಟ್ಟಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗ್ರಾಮಠಾಣಾದೊಳಗಿನ ಮನೆ, ನಿವೇಶನಗಳಿಗೆ ಪಹಣಿಯ ಬದಲು ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆಗಳಾದ 9 ಮತ್ತು 11 ಆಧಾರ.

ಮಾತುಕತೆ ಕುದುರಿದ ಮೇಲೆ ಬರೆಸುವ ಕ್ರಯದ ಕರಾರು ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ. ಅದು ಮುಂದೆ ಕ್ರಯಪತ್ರ ಮಾಡಿಕೊಡಬೇಕೆಂದು ಕೇಳುವ ಅವಕಾಶ ಮಾತ್ರ, ಮತ್ತು ಅದಕ್ಕಾಗಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಮಿತಿಯಿದೆ. ಅಧಿಕಾರಪತ್ರವನ್ನು, ಅಂದರೆ ಜಿ.ಪಿ.ಎ.ಯನ್ನು, ಕ್ರಯಪತ್ರದ ಬದಲಿಗೆ ಬಳಸುವ ಪದ್ಧತಿಯನ್ನು 2011ರ ಸೂರಜ್ ಲ್ಯಾಂಪ್ ತೀರ್ಪು ತಳ್ಳಿಹಾಕಿದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿರುವುದರಿಂದ, ಬ್ಯಾಂಕಿನ ಮೂಲಕ ಕೊಟ್ಟ ಹಣವೇ ಇಬ್ಬರಿಗೂ ಸಾಕ್ಷಿ. ಕ್ರಯಪತ್ರಕ್ಕೆ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರುತ್ತವೆ. ಶೇ 1ರಷ್ಟಿದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದೆ. ಬೆಲೆಯನ್ನು ಕಡಿಮೆ ತೋರಿಸಿ ಶುಲ್ಕ ಉಳಿಸಿದವರು ಮುಂದೆ ಮಾರಾಟ ರದ್ದಾದರೆ ಪತ್ರದಲ್ಲಿರುವ ಮೊತ್ತಕ್ಕಿಂತ ಹೆಚ್ಚನ್ನು ಮರಳಿ ಪಡೆಯುವುದು ಬಹಳ ಕಷ್ಟ.

ನೋಂದಣಿಯ ನಂತರ ಮ್ಯುಟೇಷನ್, ಅಂದರೆ ಕಂದಾಯ ದಾಖಲೆಯಲ್ಲಿ ಹಕ್ಕಿನ ಬದಲಾವಣೆ, ನಡೆಯುತ್ತದೆ. ತಕರಾರು ಇರುವವರು ಪ್ರಕಟಣೆಯಲ್ಲಿ ಸೂಚಿಸಿದ ಅವಧಿಯೊಳಗೇ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಆದೇಶವಾದ ಮೇಲೆ ಭೂಕಂದಾಯ ಅಧಿನಿಯಮದ 136ನೆಯ ಕಲಮಿನಡಿ ಮೇಲ್ಮನವಿಯಿದೆ, ಹಕ್ಕಿನ ವಿವಾದವೇ ಆಗಿದ್ದರೆ ಸಿವಿಲ್ ನ್ಯಾಯಾಲಯದ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇದಕ್ಕೆ ವಕೀಲರ ನೆರವನ್ನು ಉಚಿತವಾಗಿ ಪಡೆಯಲು ಅರ್ಹರು. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಚಾಮರಾಜನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಡಬಹುದು; 15100 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಿ ಸಲಹೆಯನ್ನೂ ಕೇಳಬಹುದು. ಓದು ಬಾರದ ಮಾರಾಟಗಾರರು ಹೆಬ್ಬೆಟ್ಟು ಒತ್ತುವ ಮೊದಲು, ಕೊಳ್ಳುವವರ ಕಡೆಗೆ ಸೇರದ ಒಬ್ಬರಿಂದ ಪತ್ರವನ್ನು ಪೂರ್ತಿ ಓದಿಸಿ, ಸರ್ವೆ ನಂಬರ್, ಎಕರೆ-ಗುಂಟೆ, ಮೊತ್ತ ಮೂರನ್ನೂ ಕೇಳಿ ತಿಳಿದುಕೊಳ್ಳತಕ್ಕದ್ದು.